ಒಂಬತ್ತನೆಯ ಕಲ್ಲು ಕೂತ ಜಾಗ

೭ ಜೂನ್ ೧೯೫೩, ಭಾನುವಾರ
ಕುರುಗೋಡು

ಈ ನೋಟುಬುಕ್ಕು ಬಳ್ಳಾರಿಯ ಸೋದರಮಾವ ಕೊಟ್ಟದ್ದು. ಎಸ್ಸೆಸ್ಸೆಲ್ಸಿ ಪಾಸಾದದ್ದಕ್ಕೆ ಬಹುಮಾನವಂತೆ. ರಟ್ಟು ಗಟ್ಟಿಯಾಗಿದೆ, ಹಾಳೆ ಚೆನ್ನಾಗಿದೆ. ಕೊಟ್ಟ ಕಾರಣ ಮಾತ್ರ ಸುಳ್ಳು.

ನಾನು ಪಾಸಾಗಿಲ್ಲ. ಶಾಲೆಯ ಗೋಡೆಗೆ ಅಂಟಿಸಿದ್ದ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದಿದೆ, ಕೆಳಗಿನಿಂದ ಮೇಲಕ್ಕೆ ಓದಿದೆ, ನನ್ನ ನಂಬರು ಎಲ್ಲೂ ಇರಲಿಲ್ಲ. ಅಷ್ಟರಲ್ಲಿ ಮಾವ ಬಟ್ಟೆ ಅಂಗಡಿ ಬಿಟ್ಟು ಬಂದು ಹಿಂದೆ ನಿಂತಿದ್ದ. "ಏನಾತವ್ವ ಜಂಬಮ್ಮ?" ಎಂದ. "ಪಾಸು" ಎಂದೆ. ಯೋಚನೆ ಮಾಡಿ ಹೇಳಿದ್ದಲ್ಲ, ಬಾಯಿಗೆ ಬಂದದ್ದು ಅದು. ಆಮೇಲೆ ಅಂಕಪಟ್ಟಿ ಬಂತು. ಗಣಿತದಲ್ಲಿ ನೂರಕ್ಕೆ ಹದಿನೆಂಟು. ಈಗ ಅದು ಪೆಟ್ಟಿಗೆಯ ತಳದಲ್ಲಿ ಹಳೆಯ ಲಂಗದ ಕೆಳಗೆ ಇದೆ.

ಅಪ್ಪ ಓಣಿಗೆಲ್ಲ ಸಕ್ಕರೆ ಹಂಚಿದ. ಕೊಟ್ಟೂರಪ್ಪನ ಮಗಳು ಅಂದರೆ ಸುಮ್ಮನೆ ಏನು ಅಂತ ಎದುರು ಮನೆಯವರು ಅಂದರು. ಹದಿನಾರು ವರ್ಷಕ್ಕೆ ಇಷ್ಟು ಮರ್ಯಾದೆ ಸಿಕ್ಕರೆ ಯಾರು ಬೇಡ ಅನ್ನುತ್ತಾರೆ. ಒಂದು ವರ್ಷ ಹೇಗಾದರೂ ದೂಡಿದರೆ ಎಲ್ಲರೂ ಮರೆಯುತ್ತಾರೆ.

೧೧ ಜೂನ್, ಗುರುವಾರ

ದೂಡಲು ಬಿಡುವಂತೆ ಕಾಣುವುದಿಲ್ಲ. ಇವತ್ತು ಸರ್ವೇ ಸಾಹೇಬರು ಮನೆಗೆ ಬಂದಿದ್ದರು. ಚಿದಾನಂದಪ್ಪ ಅಂತ ಹೆಸರು. ಕನ್ನಡಕದ ಒಂದು ಕಡ್ಡಿಗೆ ದಾರ ಕಟ್ಟಿಕೊಂಡಿದ್ದಾರೆ.

ಮಾವನ ಮಕ್ಕಳಿಗೆ ನಮ್ಮ ಗಡಿಕಲ್ಲಿನ ಸಂಗತಿ ಹೇಳಿದರೆ ನಗುತ್ತಾರೆ. ಬಳ್ಳಾರಿಯಲ್ಲಿ ಕಲ್ಲು ಅಂದರೆ ಕೋಟೆ ಗುಡ್ಡ, ಅದು ಎಲ್ಲಿಗೂ ಹೋಗುವುದಿಲ್ಲ. ಸಿರುಗುಪ್ಪದಿಂದ ಮೂಡಲಿಗೆ ಎರೆನೆಲದಲ್ಲಿ ಹಾಗಲ್ಲ. ಅಲ್ಲಿ ನೆಲ ಇನ್ನೂ ಒಂದು ಕಡೆ ನಿಲ್ಲಲು ಕಲಿತಿಲ್ಲ. ಅದನ್ನು ಹಿಡಿದಿಡುವುದಕ್ಕೆ ಒಂಬತ್ತು ಗಡಿಕಲ್ಲುಗಳಿವೆ. ಕಲ್ಲು ಕೂತಿದ್ದರೆ ನೆಲವೂ ಕೂತಿರುತ್ತದೆ, ಗೆರೆಯ ಒಂದೊಂದು ಕಡೆಯ ನೆಲ ತನ್ನ ಊರು, ತನ್ನ ಬಾವಿ, ತನ್ನ ಮರ ಅಂತ ಒಟ್ಟುಗೂಡಿಕೊಂಡು ಇರುತ್ತದೆ. ಆದರೆ ಬಿಸಿಲು ನೆತ್ತಿಗೇರಿದಾಗ, ಯಾರೂ ನೋಡದೆ ಇದ್ದಾಗ, ಆ ಕಲ್ಲುಗಳು ಎದ್ದು ಅಡ್ಡಾಡಲು ಹೋಗುತ್ತವೆ. ಅವುಗಳ ಹಿಂದೆ ಹೊಲ ಜಾರುತ್ತದೆ, ಬಾವಿ ಜಾರುತ್ತದೆ. ವರ್ಷಕ್ಕೊಮ್ಮೆ ಹಿಂಗಾರಿ ಬಿತ್ತನೆಗೆ ಮೊದಲು ಒಬ್ಬರು ಗಡಿ ನಡೆದು ಅವನ್ನು ತಿರುಗಿ ಕೂರಿಸಬೇಕು.

ಅದು ನಮ್ಮ ಮನೆಯ ಹೆಂಗಸರ ಕೆಲಸ. ಗಂಡಸರು ಕರೆದರೆ ಕಲ್ಲು ಕೇಳುವುದಿಲ್ಲ. ನನ್ನ ಅಜ್ಜಿ ವಿರೂಪಮ್ಮ ನಲವತ್ತು ವರ್ಷ ನಡೆದಳು. ಎರಡು ವರ್ಷದಿಂದ ಅವಳ ಮೊಣಕಾಲು ಬಗ್ಗುವುದಿಲ್ಲ. ಅಕ್ಕ ಹೊನ್ನೂರಮ್ಮ ನಡೆಯಬಹುದಿತ್ತು, ಆದರೆ ಅವಳನ್ನು ಆ ಗಡಿಯ ಮೇಲಿನ ಗುಬ್ಬಿದಿನ್ನಿಗೇ ಕೊಟ್ಟಿದೆ. ಅಲ್ಲಿ ವಾಸ ಇರುವವರು ನಡೆಯುವಂತಿಲ್ಲ. ಅವ್ವ ಒಮ್ಮೆ ಕರೆದು ನೋಡಿದ್ದಳು, ಕಲ್ಲು ಏಳಲಿಲ್ಲ. ಉಳಿದವಳು ನಾನು.

ಸಾಹೇಬರು ಹೇಳಿದ್ದು ಇಷ್ಟು. ಅಕ್ಟೋಬರ್ ಒಂದಕ್ಕೆ ಆಂಧ್ರ ಬೇರೆ ರಾಜ್ಯವಾಗುತ್ತದೆ, ನಾವು ಮೈಸೂರಿಗೆ ಸೇರುತ್ತೇವೆ. ಅಷ್ಟರೊಳಗೆ ಒಂಬತ್ತೂ ಕಲ್ಲು ಕೂತರೆ ಅದೇ ಗೆರೆಯನ್ನು ಎರಡು ರಾಜ್ಯಗಳ ಗಡಿ ಎಂದು ನಕ್ಷೆಗೆ ಏರಿಸುತ್ತಾರೆ. ಕೂರದಿದ್ದರೆ ಗುಬ್ಬಿದಿನ್ನಿಯನ್ನು ನಿಲ್ಲದ ನೆಲ ಅಂತ ಬರೆದು, ಊರನ್ನೇ ಎಬ್ಬಿಸಿ, ಜನರನ್ನು ತೆಕ್ಕಲಕೋಟೆಯ ಹತ್ತಿರ ಗುಡಾರಗಳಿಗೆ ಸಾಗಿಸುತ್ತಾರೆ.

"ನಮ್ಮ ಜಂಬಿ ನಡೀತಾಳ್ರಿ. ಓದಿದ ಹುಡುಗಿ, ಹೆದರೋದಿಲ್ಲ" ಎಂದ ಅಪ್ಪ.

 ಸುಳ್ಳು ಹೊತ್ತು ನಡೆದವರನ್ನು ಎರೆಮಣ್ಣು ನುಂಗುತ್ತದೆ. ಇದು ನಮ್ಮ ಮನೆಯಲ್ಲಿ ಹಾಲು ಕುಡಿಯುವ ಮಕ್ಕಳಿಗೂ ಗೊತ್ತು.

೧೪ ಜೂನ್, ಭಾನುವಾರ

ಕಾಲು ಉಳುಕಿದೆ ಎಂದು ಹೇಳಿದೆ. ಈಗ ಎರಡು ಸುಳ್ಳು.

೧೯ ಜುಲೈ, ಭಾನುವಾರ
ಗುಬ್ಬಿದಿನ್ನಿ

ಅವ್ವ ಕಟ್ಟಿಕೊಟ್ಟ ಚಕ್ಕುಲಿ ಡಬ್ಬಿ ಹಿಡಿದು ಅಕ್ಕನನ್ನು ನೋಡಲು ಬಂದೆ. ಸಿರುಗುಪ್ಪದವರೆಗೆ ಬಸ್ಸು, ಅಲ್ಲಿಂದ ಭಾವನ ಬಂಡಿ. ಭಾವ ಹುಲುಗಪ್ಪ ದಾರಿ ಹುಡುಕುತ್ತಲೇ ಹೊಡೆದ. ಹೋದ ತಿಂಗಳು ಎಡಕ್ಕಿದ್ದ ಬೇವಿನ ಮರ ಈಗ ಬಲಕ್ಕಿದೆ, ಎತ್ತುಗಳು ಅದನ್ನು ನೋಡಿ ನಿಂತುಬಿಡುತ್ತವೆ.

ಅಕ್ಕನಿಗೆ ಏಳು ತಿಂಗಳು ತುಂಬುತ್ತಾ ಬಂದಿದೆ. ಊರ ಬಾವಿ ನಾಲ್ಕು ಫರ್ಲಾಂಗು ಮೂಡಲಿಗೆ ಸರಿದುಹೋಗಿದೆ. ಸೊಂಟಕ್ಕೊಂದು ತಲೆಗೊಂದು ಕೊಡ ಹೊತ್ತು ದಿನಕ್ಕೆ ಮೂರು ಸಲ ಹೋಗಿ ಬರುತ್ತಾಳೆ. ಇವತ್ತು ನಾನು ಹೋದೆ. ಎರಡನೆಯ ಸಲಕ್ಕೇ ನನ್ನ ಕುತ್ತಿಗೆ ಸೆಟೆದುಕೊಂಡಿತು.

"ಕುರುಗೋಡಿಗಿ ಬಂದುಬಿಡು. ಹೆರಿಗಿ ಅಲ್ಲೇ ಆಗ್ಲಿ" ಎಂದೆ.

"ಬಂದ್ರ ಈ ಮನಿ ಇರ್ತೈತೇನು? ಹೆಂಗಸರಿಲ್ಲದ ಮನಿನ ಮೊದ್ಲು ಜಾರೋದು. ಹೋದ ವರ್ಷ ಪಾರಮ್ಮ ತವರಿಗೋಗಿ ಬರೋದ್ರಾಗ ಅವರ ಅಡಿಗಿಮನಿ ಹಳ್ಳದ ಆಚಿಗಿತ್ತು" ಎಂದಳು ಅಕ್ಕ. ಆಮೇಲೆ ನನ್ನ ಕಾಲು ನೋಡಿದಳು. "ಉಳುಕು ಹೆಂಗೈತಿ?"

ಕೊಡ ಹೊತ್ತು ಎರಡು ಸಲ ಹೋಗಿ ಬಂದವಳ ಕಾಲು ಹೇಗಿರುತ್ತದೆ ಎಂದು ಅವಳಿಗೆ ಗೊತ್ತಾಗದೆ ಇರುತ್ತದೆಯೇ. ಅವಳು ಮತ್ತೇನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

೧೩ ಆಗಸ್ಟ್, ಗುರುವಾರ
ಸಿರುಗುಪ್ಪ, ಸರ್ವೇ ಕ್ಯಾಂಪು

ಉಳುಕಿನ ನೆಪ ಇನ್ನು ಸಾಗಲಿಲ್ಲ, ನಿನ್ನೆ ನಡೆದೆ. ಆದದ್ದನ್ನು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ.

ಕುರುಗೋಡಿನಲ್ಲಿ ಹೊರಡುವಾಗ ಅಜ್ಜಿ ಕ್ರಮ ಹೇಳಿದ್ದಳು. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಮಣ್ಣಿನ ಹೆಂಟೆ. ಕಲ್ಲಿನ ಮುಂದೆ ನಿಂತು ಕೈ ಮುಗಿದು, ತಿರುಗಿ ನೋಡದೆ ನಡೆಯಬೇಕು. ಕಲ್ಲು ಹಿಂದೆ ಬರುತ್ತದೆ. ಜಾಗ ಬಂದಾಗ ಬುಟ್ಟಿ ಇಳಿಸಿ "ಕುಂದ್ರಪ್ಪ" ಅನ್ನಬೇಕು. ಅವಳು ಇನ್ನೂ ಏನೇನೋ ಹೇಳಿದಳು. ನನ್ನ ತಲೆಯಲ್ಲಿ ಎರೆ ನುಂಗುವುದೊಂದೇ ತುಂಬಿತ್ತು.

ಅಕ್ಕನ ಮನೆಯ ಹೊಸ್ತಿಲ ಬಳಿಯ ಮಣ್ಣನ್ನೇ ತೆಗೆದುಕೊಂಡೆ. ಅದಕ್ಕಿಂತ ಒಳ್ಳೆಯ ಮಣ್ಣು ಯಾವುದಿದೆ ಎಂದುಕೊಂಡೆ. ಒಂದನೆಯ ಕಲ್ಲು ಬಂತು. ಹಿಂದೆ ಮಣ್ಣು ಒತ್ತುವ ಸದ್ದು, ಗಬ್ಬದ ಎಮ್ಮೆ ನಡೆದ ಹಾಗೆ. ಸಾಹೇಬರು ಗುರುತು ಮಾಡಿದ ಗೂಟದ ಹತ್ತಿರ ಬುಟ್ಟಿ ಇಳಿಸಿ ಕುಂದ್ರಪ್ಪ ಎಂದೆ. ನಿಂತಿತು. ಎರಡನೆಯದು, ಮೂರನೆಯದೂ ನಿಂತವು. ಅಷ್ಟರಲ್ಲಿ ಮೋಡ ಕವಿದು ನಾಲ್ಕು ಹನಿ ಬಿತ್ತು. ಕಾಲು ಹರಡಿನವರೆಗೆ ಹೂತಿತು. ಇನ್ನೊಂದು ಹೆಜ್ಜೆಗೆ ಮೀನಖಂಡದವರೆಗೆ.

ಬುಟ್ಟಿ ತಲೆಯ ಮೇಲೆ ಇರುವಾಗಲೇ ಓಡಿದೆ. ಬಂಡಿ ದಾರಿಗೆ ಬಂದು, ಅಲ್ಲಿಂದ ಸಿರುಗುಪ್ಪದ ಬಸ್ ನಿಲ್ದಾಣದವರೆಗೂ ಹಿಂದೆ ನೋಡಲಿಲ್ಲ. ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಾಗ ಕಂಡಕ್ಟರ್ ಕೇಳಿದ, "ಇವು ನಿನ್ನವೇನಮ್ಮ?"

ತಿರುಗಿ ನೋಡಿದೆ. ಎದೆಯೆತ್ತರದ ಮೂರು ಕಲ್ಲುಗಳು ನನ್ನ ಹಿಂದೆ ಸಾಲಾಗಿ ನಿಂತಿದ್ದವು. ಮೈಗೆಲ್ಲ ಕೆಸರು. ಒಂದರ ನೆತ್ತಿಯ ಮೇಲೆ ಕಾಗೆ ಕೂತಿತ್ತು.

"ಇವನ್ನ ಹತ್ತಿಸ್ಕಳಾಕ ಆಗಂಗಿಲ್ಲ. ಹಿಂದಿನ ಟೈರು ಮೊದ್ಲೇ ಸರಿಯಿಲ್ಲ" ಎಂದ ಕಂಡಕ್ಟರ್.

ನಿಲ್ದಾಣವೆಲ್ಲ ನಕ್ಕಿತು. ಸಾಹೇಬರು ನಗಲಿಲ್ಲ. ಮೂರೂ ಕಲ್ಲು ಗೆರೆ ಬಿಟ್ಟು ಬಂದದ್ದರಿಂದ ಗುಬ್ಬಿದಿನ್ನಿಯ ಬಾವಿ ಇನ್ನೊಂದು ಫರ್ಲಾಂಗು ದೂರ ಹೋಗಿದೆ. ಈಗ ಐದು. ಅಕ್ಕ ನನ್ನಿಂದಾಗಿ ಇನ್ನೊಂದು ಫರ್ಲಾಂಗು ನಡೆಯಬೇಕು. ಎಲ್ಲ ಆ ಪಾಸು ಎಂಬ ಒಂದು ಮಾತಿನಿಂದ.

೨೦ ಆಗಸ್ಟ್, ಗುರುವಾರ
ಕುರುಗೋಡು

ಅಜ್ಜಿಗೆ ಹೇಳಿಬಿಟ್ಟೆ. ಅವಳು ಕಟ್ಟೆಯ ಮೇಲೆ ಕಾಲು ಚಾಚಿ ಮೊರದಲ್ಲಿ ಅವರೆಕಾಳು ಆರಿಸುತ್ತಿದ್ದಳು. ಹದಿನೆಂಟು ಅಂಕ, ಮಾವ, ಸಕ್ಕರೆ, ಕಾಲುಳುಕು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, ಅದಕ್ಕೇ ಎರೆ ನನ್ನನ್ನು ನುಂಗಲು ಬಂತು, ಅದಕ್ಕೇ ಕಲ್ಲು ಕೂರಲಿಲ್ಲ ಎಂದೆ.

"ಬುಟ್ಟ್ಯಾಗ ಎಷ್ಟು ಹೆಂಟಿ ಇದ್ವು?" ಎಂದು ಕೇಳಿದಳು.

"ಒಂದು. ಅಕ್ಕನ ಮನಿ ಮುಂದಿಂದು."

ಅಜ್ಜಿ ನಗಲು ಶುರುಮಾಡಿದಳು. ಮೊರ ಮಗುಚಿ ಅವರೆಕಾಳು ಅಂಗಳಕ್ಕೆಲ್ಲ ಚೆಲ್ಲಿತು. ಕಣ್ಣೀರು ಒರೆಸಿಕೊಂಡು ಹೇಳಿದಳು, "ಎರಡು ಹೆಂಟಿ ಅಂತ ಬಡಕೊಂಡೆನಲ್ಲೇ. ಈ ಕಡಿದೊಂದು, ಆ ಕಡಿದೊಂದು. ಎರಡೂ ತಲಿಮ್ಯಾಲಿದ್ರ ಕಲ್ಲಿಗಿ ನಡುವು ಗೊತ್ತಾಗ್ತೈತಿ, ಕುಂದ್ರತೈತಿ. ಒಂದೇ ಕಡಿ ಮಣ್ಣು ಹೊತ್ರ, ನೀನು ಮನಿಗಿ ಕರ್ಕೊಂಡು ಹೊಂಟೀದಿ ಅಂತ ಹಿಂದ ಬರ್ತಾವು. ಪಾಪ, ಅವಕ್ಕೇನು ಗೊತ್ತು."

"ಮತ್ತ ನುಂಗೋದು?"

"ಮಳಿ ಬಿದ್ದ ಎರಿ ಯಾರನ್ನ ನುಂಗಂಗಿಲ್ಲ? ಎಮ್ಮಿನ ನುಂಗ್ತೈತಿ, ಬಂಡಿ ನುಂಗ್ತೈತಿ. ಕಾಲು ಕಿತ್ತು ಮುಂದ ಇಡಬೇಕು ಅಷ್ಟ."

"ಸುಳ್ಳು ಹೇಳಿದವರನ್ನ ಅಂತಾರಲ್ಲ."

"ಅದು ನಮ್ಮತ್ತಿ ಹುಟ್ಟಿಸಿದ್ದು. ನಾನು ಗಡಿಗ್ಯಾಗಿನ ಬೆಲ್ಲ ಕದ್ದು ತಿಂತಿದ್ದೆ, ಅದಕ್ಕ. ನಲವತ್ತು ವರ್ಷ ನಡದೀನಿ. ನಿಮ್ಮಜ್ಜಗ ದಿನಕ್ಕೊಂದಾದ್ರೂ ಹೇಳ್ತಿದ್ದೆ. ಎರಿ ಒಂದಿನಾನೂ ಕೇಳಲಿಲ್ಲ."

ಚೆಲ್ಲಿದ ಕಾಳನ್ನು ಇಬ್ಬರೂ ಆಯ್ದೆವು. ನನಗೆ ಅಳು ಬಂತು, ಜೊತೆಗೇ ನಗುವೂ ಬಂತು. ಎರಡೂವರೆ ತಿಂಗಳಿಂದ ಎದೆಯ ಮೇಲೆ ಕೂತಿದ್ದದ್ದು ಎದ್ದು ಹೋದ ಹಾಗಾಯಿತು. ಊಟಕ್ಕೆ ಮೂರು ರೊಟ್ಟಿ ತಿಂದೆ.

೨೩ ಆಗಸ್ಟ್, ಭಾನುವಾರ

ಅಪ್ಪನಿಗೂ ಹೇಳಿದೆ. ಯಾಕೆ ಹೇಳಿದೆನೋ ತಿಳಿಯದು. ಎರೆ ನುಂಗುವುದಿಲ್ಲ ಎಂದು ಗೊತ್ತಾದ ಮೇಲೆ ಹೇಳುವ ಜರೂರು ಇರಲಿಲ್ಲ. ಪೆಟ್ಟಿಗೆಯಿಂದ ಅಂಕಪಟ್ಟಿ ತೆಗೆದು ಅವನ ಮುಂದಿಟ್ಟೆ.

ಅಪ್ಪ ಅದನ್ನು ಓದಿ ಮಡಚಿಟ್ಟ. ಗಡ್ಡ ಕೆರೆದುಕೊಂಡ. "ಹಂಚಿದ ಸಕ್ಕರಿ ತಿರುಗಿ ಕೇಳಾಕ ಆಗ್ತೈತೇನು" ಎಂದ. ಆಮೇಲೆ, "ಪರೀಕ್ಷಿ ಮತ್ತ ಕಟ್ಟು. ಗಡಿ ನಡದು ಬಂದಮ್ಯಾಲ ಕಟ್ಟು" ಎಂದು ಎದ್ದು ದನದ ಕೊಟ್ಟಿಗೆಗೆ ಹೋದ. ಎರಡು ದಿನ ಮುಖ ಗಂಟು ಹಾಕಿಕೊಂಡೇ ಇರುತ್ತಾನೆ. ಇರಲಿ.

೬ ಸೆಪ್ಟೆಂಬರ್, ಭಾನುವಾರ
ಗುಬ್ಬಿದಿನ್ನಿ

ಅಕ್ಕನ ಮನೆಯಲ್ಲೇ ಇದ್ದೇನೆ. ನಾಲ್ಕು ಕಲ್ಲು ಕೂತವು. ದಿನಕ್ಕೊಂದೂ ಆಗುವುದಿಲ್ಲ. ಒಂದನೆಯದು ಸಾಧು, ಕರೆದ ಕೂಡಲೆ ಬರುತ್ತದೆ. ಮೂರನೆಯದಕ್ಕೆ ಬಸ್ ನಿಲ್ದಾಣದ ರುಚಿ ಹತ್ತಿದೆ, ಎರಡು ಸಲ ಅಲ್ಲಿಗೇ ಹೋಗಿ ನಿಂತಿತ್ತು. ಕಂಡಕ್ಟರನೇ ಆಳು ಕಳಿಸಿ ಹೇಳಿದ.

ಕೆಸರು ಮೊಣಕಾಲಿನವರೆಗೆ ಹಿಡಿಯುತ್ತದೆ. ಕಿತ್ತು ಮುಂದೆ ಇಡುತ್ತೇನೆ.

ಬಿಡುವಿನಲ್ಲಿ ಸಾಹೇಬರ ಅಳತೆ ಪುಸ್ತಕ ಹಿಡಿಯುವ ಕೆಲಸ. ಈ ನೆಲದಲ್ಲಿ ಬೆಳಿಗ್ಗೆ ಸರಪಳಿ ಹಿಡಿದು ಅಳೆದರೆ ಹನ್ನೆರಡು ಚೈನು, ಮಧ್ಯಾಹ್ನಕ್ಕೆ ಹದಿಮೂರು. ಅವರು ಪಾಪ ತಲೆ ಕೆಡಿಸಿಕೊಳ್ಳುತ್ತಾರೆ. ಎರಡು ಕಲ್ಲು ಕೂತಿದ್ದರೆ ಮೂರನೆಯದರ ಜಾಗವನ್ನು ಅವೆರಡರ ಬಳಿಯ ಕೋನಗಳಿಂದ ಹಿಡಿಯಬಹುದಲ್ಲ, ನಡುವಿನ ನೆಲ ಅಳೆಯುವುದೇ ಬೇಡ ಎಂದೆ. ಅಂಕಪಟ್ಟಿಯ ಕಥೆ ಅವರಿಗೂ ಹೇಳಿದ್ದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿ, "ನಿನಗ ಹದಿನೆಂಟು ಕೊಟ್ಟೋನು ಯಾರು?" ಎಂದರು. ಅದೇನು ದೊಡ್ಡ ಮಾತಲ್ಲ. ಕಲ್ಲು ಕಣ್ಣಿಗೆ ಕಾಣುತ್ತದೆ, ಪುಸ್ತಕದಲ್ಲಿ ಕಾಣುತ್ತಿರಲಿಲ್ಲ.

೨೦ ಸೆಪ್ಟೆಂಬರ್, ಭಾನುವಾರ

ಎಂಟು.

೨೩ ಸೆಪ್ಟೆಂಬರ್, ಬುಧವಾರ

ಒಂಬತ್ತನೆಯದು ಗುಬ್ಬಿದಿನ್ನಿಯದೇ. ಮೊದಲು ಅದು ಕೂರುತ್ತಿದ್ದ ದಿನ್ನೆಯೇ ಈಗ ಇಲ್ಲ, ಎತ್ತಲೋ ಜಾರಿ ಹೋಗಿದೆ. ಗೂಟ ಎಲ್ಲಿ ಹೊಡೆಯಲಿ ಎಂದು ಸಾಹೇಬರನ್ನು ಕೇಳಿದೆ. "ನಾನು ಹೊಡಿಯಂಗಿಲ್ಲಮ್ಮ. ಇದೊಂದು ನಡಿಯೋರಿಗಿ ಬಿಟ್ಟದ್ದು. ಎಲ್ಲಿ ಕುಂದ್ರಸ್ತೀಯೋ ಅಲ್ಲಿ ಗೆರಿ ಎಳೀತೀನಿ. ಎಳದಮ್ಯಾಲ ಮುಗೀತು, ವರ್ಷ ವರ್ಷ ಬದಲಾಯಿಸಾಕ ಬರಂಗಿಲ್ಲ" ಎಂದರು.

ಊರಿಗೂ ಬಾವಿಗೂ ನಡುವೆ ಕೂರಿಸಿದರೆ ಬಾವಿ ಎಂದೆಂದಿಗೂ ಆಚೆಗೇ ಉಳಿಯುತ್ತದೆ. ಊರು ಬಾವಿ ಎರಡೂ ಒಂದೇ ಕಡೆ ಇದ್ದರೆ ಮಾತ್ರ ಅವು ಕೂಡಿಕೊಳ್ಳುತ್ತವೆ. ಭಾವ ಅದಕ್ಕೆ ದಾರಿ ಹೇಳಿದ.

"ಬಾವಿ ದಾಟಿ ಇನ್ನೊಂದಿಷ್ಟು ಮೂಡ್ಲಾಕ ಕರ್ಕೊಂಡು ಹೋಗು. ಊರೂ ನಮ್ಮ ಕಡಿ, ಬಾವಿನೂ ನಮ್ಮ ಕಡಿ. ಎಲ್ಲಾ ಮೈಸೂರಿಗಿ. ಯಾರು ಕೇಳ್ತಾರ?"

ಹೇಳಿದಷ್ಟು ಸುಲಭವಾಗಿಯೇ ಇತ್ತು. ನಾನೂ ಹೂಂ ಎಂದೆ. ಅಕ್ಕ ಒಳಗಿಂದ ಕೇಳಿಸಿಕೊಂಡು ಸಮಾಧಾನದಿಂದ ನಿಟ್ಟುಸಿರು ಬಿಟ್ಟಳು. ತವರು ಒಂದು ರಾಜ್ಯ ತಾನೊಂದು ರಾಜ್ಯ ಆಗುವುದು ಅವಳಿಗೆ ಬೇಡ. ನನಗೂ ಬೇಡ.

೨೫ ಸೆಪ್ಟೆಂಬರ್, ಶುಕ್ರವಾರ

ಆಚೆ ಕಡೆಯ ಹೆಂಟೆ ತರಲು ಬಾವಿಯಾಚೆಯ ತೆಲುಗು ಊರು ಪೆದ್ದದಿನ್ನೆಗೆ ಹೋಗಿದ್ದೆ. ಅಲ್ಲಿಯ ಹಿರಿಯ ಓಬಣ್ಣ ಹೊಲದ ನಡುವೆ ನಿಂತಿದ್ದ. ಬಾವಿ ಜಾರಿ ಬಂದು ನಿಂತಿರುವುದು ಅವರ ಬಿತ್ತನೆಯ ಹೊಲದಲ್ಲೇ. ಅದರ ಆಚೆ ಗೆರೆ ಬಿದ್ದರೆ ಆ ಹೊಲವೆಲ್ಲ ಅವರ ಕೈಬಿಟ್ಟು ನಮ್ಮ ಕಡೆಗೆ ಕೂಡಿಕೊಳ್ಳುತ್ತದೆ. ನಿನ್ನೆ ಮೊನ್ನೆ ಹೂಂ ಅನ್ನುವಾಗ ಇದು ನನಗೆ ಹೊಳೆದಿರಲಿಲ್ಲವೇ? ಹೊಳೆದಿತ್ತು. ನೋಡಲಿಲ್ಲ.

ಓಬಣ್ಣ ತಾನೇ ಬಗ್ಗಿ ಹೆಂಟೆ ಎತ್ತಿ ಬುಟ್ಟಿಗೆ ಹಾಕಿದ. "ಎತ್ತು ಮೊದ್ಲ ಹೆಜ್ಜಿ ಇಡೋ ಮೂಲಿದು ಇದು, ತಲ್ಲಿ. ನಿಮ್ಮಜ್ಜಿಗಿನೂ ಇಲ್ಲಿಂದನ ಕೊಡ್ತಿದ್ದೆ" ಎಂದ. ಬೇಡಿಕೊಳ್ಳಲಿಲ್ಲ, ಹೆದರಿಸಲಿಲ್ಲ. ಅಜ್ಜಿಯ ಕಾಲು ಹೇಗಿದೆ ಎಂದು ಕೇಳಿದ.

ಬಾವಿಯ ಕಟ್ಟೆಯ ಮೇಲೆ ಗುಬ್ಬಿದಿನ್ನಿಯ ಹೆಂಗಸರಿದ್ದರು. ಯಾವ ಕಡೆ ಆದರೆ ನಿಮಗೆ ಅನುಕೂಲ ಎಂದು ಕೇಳಿದೆ. ಗಂಡಸರು ಯಾರೂ ಅವರನ್ನು ಕೇಳಿರಲಿಲ್ಲವಂತೆ. ಸೂಲಗಿತ್ತಿ ಪಕ್ಕೀರಮ್ಮ ಕೊಡ ಇಳಿಸಿ ಸೊಂಟ ಹಿಡಿದುಕೊಂಡು, "ಯಾವ ರಾಜ್ಯ ಆದ್ರೇನವ್ವ, ನೀರು ಹತ್ರ ಬರ್ಲಿ" ಎಂದಳು. ಉಳಿದವರೂ ಅದನ್ನೇ ಹೇಳಿದರು. ಅಕ್ಕ ಅಲ್ಲಿರಲಿಲ್ಲ, ಅವಳಿಗೆ ಈಗ ಅಷ್ಟು ದೂರ ಬರಲಾಗುವುದಿಲ್ಲ.

ಹಿಂದೆ ಒಮ್ಮೆ ಅಜ್ಜಿಯನ್ನು, ಕಲ್ಲು ಮೊಟ್ಟಮೊದಲು ಎಲ್ಲಿತ್ತು ಎಂದು ಕೇಳಿದ್ದೆ. ಆ ನೆಲದಲ್ಲಿ ಮೊಟ್ಟಮೊದಲು ಅನ್ನುವುದಿಲ್ಲ, ಎರಡೂ ಕಡೆಯವರು ಉಣ್ಣಲು ಆಗುವ ಕಡೆ ಕೂರಿಸುತ್ತಿದ್ದೆ ಎಂದಿದ್ದಳು. ಸುಳ್ಳು ಹೊತ್ತವರನ್ನು ಎರೆ ನುಂಗುವಂತಿದ್ದರೆ ಚೆನ್ನಾಗಿತ್ತು. ಅದರ ಹೆದರಿಕೆಯಿಂದ ಬಾವಿಯ ಆಚೆ ಕೂರಿಸಲಿಲ್ಲ ಎಂದು ಅಕ್ಕನಿಗೆ ಹೇಳಬಹುದಿತ್ತು. ಈಗ ಆ ನೆಪವೂ ಇಲ್ಲ.

೨೬ ಸೆಪ್ಟೆಂಬರ್, ಶನಿವಾರ

ಊರಿನ ಪಡುವಲಿಗೆ ಕರೆದುಕೊಂಡು ಹೋಗಿ ಕೂರಿಸಿದೆ. ಊರೂ ಬಾವಿಯೂ ಆಚೆಗೆ ಆಂಧ್ರಕ್ಕೆ, ಓಬಣ್ಣನ ಹೊಲವೂ ಆಚೆಗೆ, ಅವರವರದು ಅವರವರಿಗೆ. ಅಕ್ಕನ ಹೊಸ್ತಿಲಿನಿಂದ ಕಲ್ಲಿಗೆ ನಲವತ್ತು ಹೆಜ್ಜೆ.

ಕಲ್ಲು ಬಲು ಭಾರವಾಗಿ ಬಂತು. ಅಕ್ಕನ ಮನೆಯ ಮುಂದೆ ಹಾದು ಹೋಗುವಾಗ ಅವಳು ಬಾಗಿಲಲ್ಲಿ ನಿಂತಿದ್ದಳು. ನಡೆಯುವಾಗ ಮಾತಾಡುವಂತಿಲ್ಲ. ನಾನು ಮೂಡಲಿಗೆ ತಿರುಗದೆ ಪಡುವಲಿಗೆ ಹೊರಟದ್ದನ್ನು ಅವಳು ನೋಡಿದಳು. ಬುಟ್ಟಿ ಇಳಿಸಿ ಕುಂದ್ರಪ್ಪ ಎಂದೆ. ಕಲ್ಲು ಒಂದು ಗೇಣು ನೆಲದೊಳಗೆ ಇಳಿದು ಗಟ್ಟಿಯಾಗಿ ಕೂತಿತು. ಸಾಹೇಬರು ಗೆರೆ ಎಳೆದರು.

ತಿರುಗಿ ಬಂದೆ.

"ನನ್ನ ಯಾವ ಕಡಿ ಹಾಕಿದಿ?" ಎಂದಳು ಅಕ್ಕ.

"ಆ ಕಡಿ."

"ಕೂಡ ಹುಟ್ಟಿದಾಕಿನ್ನ."

"ಬಾವಿನೂ ನಿನ್ನ ಕಡಿ ಐತಿ" ಎಂದೆ.

"ಐದು ಫರ್ಲಾಂಗು ದೂರ ಐತಿ" ಎಂದು ಹೇಳಿ ಒಳಗೆ ಹೋದಳು. ಭಾವ ನನ್ನ ತಟ್ಟೆಗೆ ತಾನೇ ಅನ್ನ ಹಾಕಿದ, ಮುಖ ನೋಡಲಿಲ್ಲ.

೨೮ ಸೆಪ್ಟೆಂಬರ್, ಸೋಮವಾರ

ಬಾವಿ ಬಂದಿಲ್ಲ. ಅಕ್ಕ ಮಾತು ಬಿಟ್ಟಿದ್ದಾಳೆ. ನೀರು ನಾನೇ ತರುತ್ತೇನೆ. ಕುರುಗೋಡಿಗೆ ಹೋಗಿಬಿಡೋಣ ಎನ್ನಿಸುತ್ತದೆ, ಆದರೆ ಹೋದರೆ ನೀರು ತರುವವರು ಯಾರು.

೩೦ ಸೆಪ್ಟೆಂಬರ್, ಬುಧವಾರ

ಅವ್ವ ಬಂದಳು. ಸುದ್ದಿ ಕುರುಗೋಡಿಗೆ ಮುಟ್ಟಿತ್ತು, ಬಂದವಳೇ ಇಬ್ಬರಿಗೂ ಬೈದಳು. ಬಾವಿ ಬಂದಿಲ್ಲ. ಕೂಡಿಕೊಳ್ಳುವುದಕ್ಕೆ ಎಷ್ಟು ದಿನ ಬೇಕು ಎಂದು ಅಜ್ಜಿಯನ್ನು ಕೇಳಿಕೊಂಡೇ ಬಂದಿದ್ದಳು. ನೆಲ ಒಗ್ಗಬೇಕು, ಅವಸರ ಮಾಡಬಾರದು ಎಂದಳಂತೆ. ಅಜ್ಜಿಗೆ ಹೇಳುವುದು ಸುಲಭ.

೧ ಅಕ್ಟೋಬರ್ ೧೯೫೩, ಗುರುವಾರ
ಗುಬ್ಬಿದಿನ್ನಿ, ಆಂಧ್ರ

ಬೆಳಿಗ್ಗೆ ಸಿರುಗುಪ್ಪದ ಕಡೆಯಿಂದ ಪಟಾಕಿ ಸದ್ದು ಕೇಳಿಸಿತು. ಭಾವ ಧ್ವಜ ಏರಿಸುವುದನ್ನು ನೋಡಲು ಹೊರಟವನು ಹೊಸ್ತಿಲಲ್ಲೇ ನಿಂತ. ಅಕ್ಕನಿಗೆ ನೋವು ಶುರುವಾಗಿತ್ತು. ಅವನು ಪಕ್ಕೀರಮ್ಮನನ್ನು ಕರೆಯಲು ಓಡಿದ.

ಪಕ್ಕೀರಮ್ಮ ಬಂದವಳೇ ಹಂಡೆ ಇಣುಕಿ ನೋಡಿ, "ಇಷ್ಟರಾಗ ಏನಾಗ್ತೈತಿ? ನೀರು ತರ್ರಿ" ಎಂದಳು. ಮನೆಯಲ್ಲಿ ಅರ್ಧ ಕೊಡವೂ ಇರಲಿಲ್ಲ. ಒಳಗಿಂದ ಅಕ್ಕ ಕೂಗಿದಳು. ನಾನು ಕೊಡ ತೆಗೆದುಕೊಂಡೆ. ಐದು ಫರ್ಲಾಂಗು ಹೋಗಿ ಐದು ಫರ್ಲಾಂಗು ಬರುವ ಹೊತ್ತಿಗೆ ಏನಾಗುತ್ತದೋ. ನಾನು ಮಾಡಿದ್ದು ಸರಿಯೋ ತಪ್ಪೋ ಎಂದು ಯೋಚಿಸಲೂ ಪುರುಸೊತ್ತಿರಲಿಲ್ಲ. ಸೆರಗು ಬಿಗಿದು ಹಿತ್ತಿಲ ಬಾಗಿಲು ತಳ್ಳಿ ಓಡಿದೆ.

ಹನ್ನೆರಡನೆಯ ಹೆಜ್ಜೆಗೆ ಮೊಣಕಾಲು ಕಲ್ಲಿಗೆ ತಾಗಿ ಮುಗ್ಗರಿಸಿದೆ. ಬಾವಿಯ ಕಟ್ಟೆ. ರಾಟೆ, ಹಗ್ಗ, ಹೆಂಗಸರು ಕೊಡ ಇಳಿಸಿ ಇಳಿಸಿ ಸವೆದ ಚಪ್ಪಡಿ, ಎಲ್ಲ ಹಾಗೆಯೇ ಇದ್ದವು. ದನದ ಕೊಟ್ಟಿಗೆಗೂ ನುಗ್ಗೆ ಮರಕ್ಕೂ ನಡುವೆ, ಯಾವಾಗಲೂ ಅಲ್ಲೇ ಇದ್ದ ಹಾಗೆ. ಬಗ್ಗಿ ನೋಡಿದೆ. ನೀರು ತುಂಬಿತ್ತು, ಅದರಲ್ಲಿ ನನ್ನ ಮುಖ ಕಂಡಿತು. ಕಟ್ಟೆಯ ಮೇಲೆ ಕೂತು ಜೋರಾಗಿ ಅತ್ತುಬಿಟ್ಟೆ. ನೋವು ತಿನ್ನುತ್ತಿರುವವಳು ಅವಳು, ಅಳುತ್ತಿರುವವಳು ನಾನು ಎಂದು ಅವ್ವ ಕಿಟಕಿಯಿಂದ ಬೈದಳು. ಆಮೇಲೆ ಬಾವಿ ಅವಳ ಕಣ್ಣಿಗೆ ಬಿತ್ತು. ಇನ್ನೆರಡು ಕೊಡ ಹಿಡಿದು ಹೊರಗೆ ಬಂದಳು.

ಮಧ್ಯಾಹ್ನ ಹುಟ್ಟಿತು. ಹೆಣ್ಣು. ತಲೆ ತುಂಬ ಕೂದಲು, ಕೋಪ ಮೂಗಿನ ಮೇಲೆ.

ಅಕ್ಕ ಸುಸ್ತಾಗಿ ಮಲಗಿದ್ದಳು. ರಾಟೆಯ ಸದ್ದು ಕೇಳಿ ಕಣ್ಣು ತೆರೆದಳು. ಊರಿನ ಹೆಂಗಸರೆಲ್ಲ ಹಿತ್ತಿಲಿಗೆ ಬಂದು ಸೇದುತ್ತಿದ್ದರು, ಗಲಾಟೆಯೋ ಗಲಾಟೆ. ಅಕ್ಕ ಕೂಸಿನ ಕಡೆ ಕತ್ತು ತಿರುಗಿಸಿದಳು. ಐದು ದಿನದ ಮೇಲೆ ನನ್ನ ಜೊತೆ ಮಾತಾಡಿದಳು.

"ಇದು ಯಾವ ರಾಜ್ಯದ ಕೂಸೇ?"

"ಆಂಧ್ರದ್ದು."

"ಇದರ ಚಿಕ್ಕಿ?"

"ಮೈಸೂರಾಕಿ."

"ದೊಡ್ಡ ಶ್ಯಾಣ್ಯಾಕಿ" ಎಂದಳು. ಕೈ ಚಾಚಿ ನನ್ನ ಕಿವಿ ಹಿಂಡಿದಳು, ಶಕ್ತಿ ಇರಲಿಲ್ಲ, ಹಿಡಿದುಕೊಂಡ ಹಾಗಾಯಿತು. "ಐದು ತಿಂಗಳು ಬಾಣಂತನ ಐತಿ. ದಿನಾ ಗಡಿ ದಾಟಿ ಬಾ, ಪರದೇಶದಾಕಿ ಅಂತ ನೆಪ ಹೇಳಬ್ಯಾಡ."

ಬರುತ್ತೇನೆ ಎಂದೆ. ಸಾಯಂಕಾಲದೊಳಗೆ ಇನ್ನೂ ನಾಲ್ಕು ಕೊಡ ನೀರು ಬೇಕು ಎಂದಳು ಪಕ್ಕೀರಮ್ಮ. ಎಂಟು ತಂದೆ.